ತಾಯಿಗಾಜಿನ ಮೇಲೆ ಐದು ಉಂಗುರ

"ಹದಿನಾಲ್ಕನೇ ನಂಬರು," ಎಂದರು ಹಿರುಮಾ. "ಇದೊಂದು ಉಳಿದಿದೆ ನೋಡಿ."

ಕಾರ್ಖಾನೆಯ ಯಜಮಾನರು ಕರೆಸಿದ್ದ ಖಾಸಗಿ ಪತ್ತೆದಾರಳು ನಿಶಿವಾಕಿ ತೊಮೊಯೆ ಆ ಕಪಾಟಿನ ಮುಂದೆ ನಿಂತಳು. ಬಟ್ಟೆ ಬದಲಾಯಿಸುವ ಕೋಣೆಯ ಗೋಡೆಗುಂಟ ನಿಂತಿದ್ದ ಕಬ್ಬಿಣದ ಕಪಾಟುಗಳಲ್ಲಿ ಅದೇ ಕೊನೆಯದು. ಬಾಗಿಲಿಗೆ ಅಂಟಿಸಿದ ಚೀಟಿಯ ಮೇಲೆ ಮಾಸುಜಾವ ಎಂಬ ಹೆಸರಿತ್ತು. ಹದಿನೆಂಟನೆಯ ವಯಸ್ಸಿನಲ್ಲಿ ಅವಳಿಗೆ ಗಾಜು ಉಜ್ಜುವುದನ್ನು ಕಲಿಸಿದ ಮೇಷ್ಟ್ರು ಅವರು.

"ತೆಗೀಲಾ?"

"ತೆಗೀರಿ."

ಒಳಗೆ ಒಂದು ಜೊತೆ ರಬ್ಬರ್ ಚಪ್ಪಲಿ, ಊಟದ ಡಬ್ಬಿ ಕಟ್ಟುವ ನೀಲಿ ಬಟ್ಟೆ, ಅರ್ಧ ಮುಗಿದ ಕೆಮ್ಮಿನ ಗುಳಿಗೆ. ಚಪ್ಪಲಿಯ ಹಿಂದೆ ಹಳೆಯ ಟವೆಲಿನಲ್ಲಿ ಸುತ್ತಿಟ್ಟ, ಅಂಗೈಯಗಲದ ಮರದ ಪೆಟ್ಟಿಗೆ.

ಹಿರುಮಾ ಉಸಿರು ಬಿಟ್ಟರು. ಹುಡುಕಿದ್ದು ಸಿಕ್ಕವರ ಸಂತೋಷ ಆ ಉಸಿರಿನಲ್ಲಿ ಇರಲಿಲ್ಲ.

ಕಿರಿಗಾನೆ ಕ್ಯಾಮೆರಾ ಕಾರ್ಖಾನೆಯ ತಿಜೋರಿಯಿಂದ ತಾಯಿಗಾಜು ಕಾಣೆಯಾದದ್ದು ಸೋಮವಾರ ಬೆಳಿಗ್ಗೆ ಗೊತ್ತಾಗಿತ್ತು. ಇವತ್ತು ಗುರುವಾರ. ನಾಳೆ ಟೋಕಿಯೊದಲ್ಲಿ ಕಾರ್ಖಾನೆಯನ್ನು ತೋಗೊಕು ಸಮೂಹಕ್ಕೆ ಸೇರಿಸುವ ಒಪ್ಪಂದಕ್ಕೆ ಸಹಿ ಬೀಳಬೇಕಿತ್ತು.

ಆ ಗಾಜು ನೋಡಲು ಮನೆಯ ಉಪ್ಪಿನ ತಟ್ಟೆಗಿಂತ ದೊಡ್ಡದಲ್ಲ. ಆದರೆ ಕಿರಿಗಾನೆಯ ಹೆಸರಾಂತ ಮುಖಚಿತ್ರದ ಲೆನ್ಸಿನ ಉಬ್ಬು ಎಷ್ಟಿರಬೇಕು ಎನ್ನುವುದಕ್ಕೆ ಜಗತ್ತಿನಲ್ಲಿ ಇರುವ ಒಂದೇ ಅಚ್ಚು ಅದು. ದಿನದ ಕೆಲಸಕ್ಕೆ ಅದರಿಂದ ಮಾಡಿಕೊಂಡ ಮರಿಗಾಜುಗಳಿದ್ದವು. ಮರಿಗಳು ಆರೇಳು ತಿಂಗಳಲ್ಲಿ ಸವೆಯುತ್ತವೆ. ತಾಯಿ ಇಲ್ಲದಿದ್ದರೆ ಹೊಸ ಮರಿ ಇಲ್ಲ, ಮರಿ ಇಲ್ಲದಿದ್ದರೆ ಲೆನ್ಸೂ ಇಲ್ಲ.

"ಮೊದಲು ಪೆಟ್ಟಿಗೆ ಬಿಚ್ಚೋಣ," ಎಂದಳು ತೊಮೊಯೆ.

ಜಿಂಕೆಯ ಚರ್ಮದ ಮಡಿಕೆಯೊಳಗೆ ಗಾಜು ತಣ್ಣಗೆ ಕೂತಿತ್ತು.

"ಸಿಕ್ತಲ್ಲ," ಎಂದರು ಹಿರುಮಾ, ಕನ್ನಡಕ ತೆಗೆದು ಒರೆಸುತ್ತ. "ಇದ್ದ ಹಾಗೇ ಇದೆ. ಮುದುಕರಿಗೆ ಏನೋ ಒಂದು ಗಳಿಗೆ ಬುದ್ಧಿ ಕೆಟ್ಟಿತ್ತು ಅಂತ ಹೇಳಿ ಮುಗಿಸಿಬಿಡಬಹುದು. ಅಲ್ವಾ?"

ಹಿರುಮಾ ತೋಗೊಕು ಬ್ಯಾಂಕು ಎರಡು ವರ್ಷದ ಹಿಂದೆ ಈ ಕಾರ್ಖಾನೆಗೆ ಕಳಿಸಿದ ನಿರ್ದೇಶಕರು. ಬಂದ ಹೊಸದರಲ್ಲಿ ಕಾರ್ಖಾನೆಯವರು ಅವರನ್ನು ಕಂಡರೆ ದೂರ ಸರಿಯುತ್ತಿದ್ದರು. ಅವರು ಕುಡಿಯುವುದು ತೋಗೊಕು ಬಿಯರ್ ಮಾತ್ರ, ಮನೆಯ ಫ್ರಿಜ್ಜು ತೋಗೊಕು, ಜೀವವಿಮೆ ತೋಗೊಕು. ಕಾರ್ಖಾನೆಯಿದ್ದ ಸುವಾ ಪೇಟೆಯ ಹೋಟೆಲಿನಲ್ಲಿ ಬೇರೆ ಬಿಯರ್ ಬಂದರೆ ಬಾಟಲಿಯ ಚೀಟಿಯನ್ನು ಆಚೆ ಕಡೆ ತಿರುಗಿಸಿಟ್ಟು ಚಹಾ ತರಿಸಿಕೊಳ್ಳುತ್ತಿದ್ದರು. ಎರಡು ಚಳಿಗಾಲ ಕಳೆಯುವಷ್ಟರಲ್ಲಿ ಊರಿಗೆ ಅವರ ಅಭ್ಯಾಸವಾಗಿತ್ತು, ಅವರಿಗೆ ಊರಿನದು.

ತೊಮೊಯೆ ಗಾಜನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಅಂಚಿನ ಒಂದು ಕಡೆ ಬೆರಳುಗುರಿನಷ್ಟು ಜಾಗ ಒರಟಾಗಿತ್ತು.

"ನಡೀರಿ, ತಪಾಸಣೆ ಕೋಣೆಗೆ," ಎಂದಳು.

ಹತ್ತೂವರೆಯ ಚಹಾ ವಿರಾಮ. ತಪಾಸಣೆ ಕೋಣೆಯಲ್ಲಿ ಯಾರೂ ಇರಲಿಲ್ಲ. ತೊಮೊಯೆ ಹಳದಿ ದೀಪ ಹಾಕಿದಳು. ಕಳೆದ ವಾರ ಪಾಸಾಗಿ ಬಂದಿದ್ದ ಒಂದು ಲೆನ್ಸನ್ನು ರೇಷ್ಮೆ ಬಟ್ಟೆಯಿಂದ ಒರೆಸಿ, ಅದರ ಮೇಲೆ ಈ ಗಾಜನ್ನು ಮೆಲ್ಲನೆ ಇಳಿಸಿದಳು. ಕೈಯ ಬಿಸಿ ಆರಲೆಂದು ಸ್ವಲ್ಪ ಹೊತ್ತು ಸುಮ್ಮನೆ ಕಾದಳು.

ಎರಡು ಗಾಜಿನ ನಡುವೆ ಕಪ್ಪು ಉಂಗುರಗಳು ಮೂಡಿದವು. ಎರಡರ ಉಬ್ಬು ಹೊಂದದಷ್ಟೂ ಉಂಗುರ ಹೆಚ್ಚು. ಸರಿಯಾದ ತಾಯಿಗಾಜಾಗಿದ್ದರೆ ಒಂದು ಉಂಗುರ ಕಾಣಬೇಕು. ಹೆಚ್ಚೆಂದರೆ ಒಂದೂವರೆ.

ಅವಳು ಎಣಿಸಿದಳು. ಐದು. ಅವೂ ದುಂಡಗಿರಲಿಲ್ಲ. ಎಡಕ್ಕೆ ಜಗ್ಗಿದ ಮೊಟ್ಟೆಯ ಹಾಗಿದ್ದವು.

"ಹಿರುಮಾ ಅವ್ರೇ, ಇದು ತಾಯಿಗಾಜಲ್ಲ."

"ಅಂದ್ರೆ?"

"ಯಾರೋ ಮಾಡಿದ ನಕಲು. ಒಳ್ಳೇ ನಕಲೇ. ಕಣ್ಣಿಗೆ ಗೊತ್ತಾಗಲ್ಲ. ಅಸಲಿಯನ್ನ ತೆಗೆದು ಇದನ್ನ ಇಟ್ಟಿದ್ದಾರೆ."

ಹಿರುಮಾ ಕುರ್ಚಿ ಎಳೆದು ಕೂತರು. "ಹಾಗಾದ್ರೆ ನಮ್ಮ ಕಥೆ ಮುಗೀತು. ಇವತ್ತು ಎರಡನೇ ಗುರುವಾರ. ಸಂಜೆ ಆರಕ್ಕೆ ಸಮೂಹದ ಇಪ್ಪತ್ತೆರಡು ಕಂಪನಿಗಳ ಮುಖ್ಯಸ್ಥರು ಟೋಕಿಯೊದಲ್ಲಿ ಊಟಕ್ಕೆ ಕೂರ್ತಾರೆ. ನಮ್ಮ ವಿಷಯ ತೀರ್ಮಾನ ಆಗೋದು ಅಲ್ಲೇ. ನಾಳೆ ಸಹಿ ಬರೀ ಶಾಸ್ತ್ರಕ್ಕೆ. ತಾಯಿಗಾಜು ಕೈಯಲ್ಲಿಲ್ಲ ಅಂತ ನಾನು ಫೋನ್ ಮಾಡಿ ಹೇಳ್ಬೇಕು."

"ಹೇಳಿದ್ರೆ?"

"ಒಪ್ಪಂದ ಬಿತ್ತು. ಆಮೇಲೆ ತೋಗೊಕು ಗಾಜು ಕಂಪನಿ ನಮಗೆ ಯಾಕೆ ಗಾಜು ಕರಗಿಸಿಕೊಡ್ಬೇಕು? ತೋಗೊಕು ವ್ಯಾಪಾರ ಕಂಪನಿ ನಮ್ಮ ಕ್ಯಾಮೆರಾನ ಯಾಕೆ ಹೊರದೇಶಕ್ಕೆ ಸಾಗಿಸ್ಬೇಕು? ಮುನ್ನೂರ ನಲವತ್ತು ಜನ, ನಿಶಿವಾಕಿ ಅವ್ರೇ. ಅವರಲ್ಲಿ ಅರ್ಧ ಜನರ ಮಕ್ಕಳ ಹೆಸರು ನನಗೆ ಗೊತ್ತು." ಅವರು ಪೆಟ್ಟಿಗೆಯನ್ನು ತಮ್ಮ ಕಡೆ ಎಳೆದುಕೊಂಡರು. "ಪೊಲೀಸರಿಗೂ ಹೇಳ್ಬೇಕು. ಪೆಟ್ಟಿಗೆ ಸಿಕ್ಕಿದ್ದು ಮಾಸುಜಾವ ಅವರ ಕಪಾಟಲ್ಲಿ."

"ಸಂಜೆ ಐದರವರೆಗೆ ಟೈಮ್ ಕೊಡಿ."

"ಅವರು ನಿಮ್ಮ ಮೇಷ್ಟ್ರು ಅಂತಾನಾ?"

"ಅದಕ್ಕೂ ಹೌದು."

ಹಿರುಮಾ ಹಳದಿ ದೀಪವನ್ನೇ ನೋಡುತ್ತ ಕೂತರು. "ನಾನು ಬಂದ ಮೊದಲ ಚಳಿಗಾಲ ಕಾಲು ಹೆಪ್ಪುಗಟ್ತಿತ್ತು. ಒಬ್ಬರೂ ನನ್ನ ಹತ್ರ ಮಾತಾಡ್ತಿರಲಿಲ್ಲ. ಕಾಲುಚೀಲದೊಳಗೆ ಒಣಮೆಣಸಿನಕಾಯಿ ಇಟ್ಕೊಳ್ಳಿ ಅಂತ ಹೇಳಿ, ಜೇಬಿಂದ ಎರಡು ತೆಗೆದು ಕೊಟ್ಟೋರು ಅವರೊಬ್ಬರೇ." ಅವರು ಎದ್ದರು. "ಐದು ಗಂಟೆ. ಅದರ ಮೇಲೆ ಐದು ನಿಮಿಷ ಕೂಡ ಕಾಯೋಕೆ ಆಗಲ್ಲ."

*

ಸರೋವರದ ದಂಡೆಯ ಮನೆಗಳಿಗೆ ಬಿಸಿನೀರು ನೆಲದಿಂದಲೇ ಬರುತ್ತದೆ. ಮಾಸುಜಾವರ ಹೆಂಡತಿ ಕಿನುಯೆ ಅಂಗಳದ ಕಲ್ಲುತೊಟ್ಟಿಯ ಮುಂದೆ ಕೂತು, ಹಬೆಯಾಡುವ ನೀರಿನಲ್ಲಿ ಉಪ್ಪಿಗೆ ಹಾಕುವ ಉದ್ದನೆಯ ಸೊಪ್ಪನ್ನು ಕಂತೆಕಂತೆಯಾಗಿ ತೊಳೆಯುತ್ತಿದ್ದಳು. ಅರವತ್ತೆಂಟರ ಹೆಂಗಸು. ತೋಳು ಮೊಣಕೈಯವರೆಗೆ ಕೆಂಪಾಗಿತ್ತು.

"ಬಂದ್ಯಾ ತೊಮೊ? ಸೊರಗಿದ್ದೀಯಲ್ಲೇ. ಊರವರ ಗಂಡು ಹೆಣ್ಣು ವಿಚಾರಿಸ್ಕೊಂಡು ತಿರುಗೋದ್ರಲ್ಲಿ ನಿನ್ನ ಊಟಾನೇ ಮರೀತೀಯ ನೀನು."

"ನಿಮ್ಮ ಕೈಯಡುಗೆ ತಿನ್ನೋಣ ಅಂತ್ಲೇ ಬಂದೆ ಅಮ್ಮ."

"ಸುಳ್ಳು ಹೇಳೋದು ಮೊದ್ಲಿಂದಲೂ ಬರಲ್ಲ ನಿನಗೆ. ಆ ಕೆಲಸಕ್ಕೆ ಹೇಗೆ ಸೇರಿದ್ಯೋ." ಕಿನುಯೆ ಕಂತೆಯೊಂದನ್ನು ಹಿಂಡಿ ಬುಟ್ಟಿಗೆ ಹಾಕಿದಳು. "ಮೊರಿಯೊ ಬೆನ್ನು ಹೇಗಿದೆ?"

"ಪರವಾಗಿಲ್ಲಮ್ಮ. ಬಗ್ಗೋಕೆ ಮಾತ್ರ ಆಗ್ತಿಲ್ಲ."

ಹೇಳಿದ ಮೇಲೆ ತೊಮೊಯೆಗೆ ಏನೋ ತಡೆದಂತಾಯಿತು. ಗಂಡ ಮೊರಿಯೊ ಯೊಕೊಹಾಮಾದಲ್ಲಿ ತೋಗೊಕು ಗಾಜು ಕಂಪನಿಯ ಮಾರಾಟ ವಿಭಾಗದಲ್ಲಿದ್ದ. ತಿಂಗಳಿಗೆ ಎರಡು ಶನಿವಾರ ಮಾತ್ರ ಮನೆಗೆ ಬರುತ್ತಿದ್ದವನು ಕಳೆದ ವಾರ ಬುಧವಾರ ಇದ್ದಕ್ಕಿದ್ದಂತೆ ಬಂದು, ಬೆನ್ನು ಹಿಡಿದಿದೆ, ಯಾರಿಗೂ ಹೇಳಬೇಡ, ಕಂಪನಿಯಲ್ಲಿ ಸುದ್ದಿಯಾಗುತ್ತದೆ ಎಂದು ಮಲಗಿದ್ದ. ಅವಳು ಯಾರಿಗೂ ಹೇಳಿರಲಿಲ್ಲ.

ಅಷ್ಟರಲ್ಲಿ ಒಳಗಿನಿಂದ ಮುದುಕರ ದನಿ ಬಂತು. "ಯಾರದು? ಪೊಲೀಸರಾದ್ರೆ ಚಪ್ಪಲಿ ಬಿಟ್ಟು ಒಳಗೆ ಬನ್ನಿ ಅನ್ನು."

ಮಾಸುಜಾವ ತಮೊತ್ಸು ಕಾಲು ಕಾಯಿಸಲು ಹೊದಿಕೆ ಹೊದಿಸಿದ ಗಿಡ್ಡ ಬಿಸಿ ಮೇಜಿನೊಳಗೆ ಕಾಲು ಚಾಚಿ ಕೂತಿದ್ದರು. ಎಪ್ಪತ್ತು ವರ್ಷ. ಜ್ವರವೆಂದು ಮಂಗಳವಾರದಿಂದ ರಜೆ ಹಾಕಿದ್ದರು. ನಲವತ್ತಾರು ವರ್ಷದಲ್ಲಿ ಅವರು ಹಾಕಿದ ಮೂರನೆಯ ರಜೆ ಅದು.

"ಜ್ವರ ಹೇಗಿದೆ ಮೇಷ್ಟ್ರೇ?"

"ನೀನು ಬರೋವರೆಗೆ ಇರಲಿಲ್ಲ."

ಕಿನುಯೆ ಬಿಸಿಬಿಸಿ ಸೋಬಾ ಶಾವಿಗೆ ಬಡಿಸಿದಳು. ಮೂವರೂ ಸುರ್ರೆಂದು ಹೀರುತ್ತ ತಿಂದರು. ಸೇಬು ಹೆಚ್ಚಿ ತಟ್ಟೆಗೆ ಹಾಕಿ, ಚಹಾ ಸುರಿದು, ಕಿನುಯೆ ಎದ್ದಳು. ಏಳುವಾಗ ತೊಮೊಯೆಯ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿದಳು. ಹದಿನೆಂಟರಲ್ಲೂ ಹಾಗೇ ಮಾಡುತ್ತಿದ್ದಳು.

"ನೀವಿಬ್ರೂ ಮಾತಾಡ್ಕೊಳ್ಳಿ. ನನ್ನ ಕೆಲಸ ಇನ್ನೂ ಬೆಟ್ಟದಷ್ಟಿದೆ."

ಒಳಕೋಣೆಯಲ್ಲಿ ಬೀರುವಿನ ಖಾನೆ ಎಳೆದ ಸದ್ದಾಯಿತು. ಆಮೇಲೆ ಹಿತ್ತಲ ಬಾಗಿಲು ಸರಿದದ್ದು ಕೇಳಿಸಿತು.

ತೊಮೊಯೆ ಚೀಲದಿಂದ ಪೆಟ್ಟಿಗೆ ತೆಗೆದು ಮೇಜಿನ ಮೇಲಿಟ್ಟಳು. ಮುದುಕರು ಅದನ್ನು ನೋಡಿದರು. ಸೇಬಿನ ಒಂದು ಹೋಳು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು.

"ಚಪ್ಪಲಿ ಹಿಂದೆ ಇತ್ತು," ಎಂದಳು ಅವಳು.

"ಗೇಟಿನಲ್ಲಿ ಚೀಲ ನೋಡ್ತಾರಲ್ಲ. ಹೊರಗೆ ತರೋಕಾಗ್ಲಿಲ್ಲ."

"ತೆಗೆದದ್ದು ನೀವೇ."

"ನಾನೇ. ಶುಕ್ರವಾರ ಸಂಜೆ. ನನ್ನ ಹತ್ರಾನೂ ಒಂದು ಬೀಗದ ಕೈ ಇದೆ ಅಂತ ನಿನಗೆ ಗೊತ್ತೇ ಇದೆ. ಹೋಗಿ ಆ ಹಿರುಮಾಗೆ ಹೇಳು. ಒಡೆದುಹಾಕೋಣ ಅಂತ ತೆಗೆದೆ, ಧೈರ್ಯ ಬರಲಿಲ್ಲ ಅಂದ ಅಂತ ಹೇಳು. ಸಮೂಹದವರ ಮೇಲೆ ಹಳೇ ಕೋಪ ಅಂತ ಬರಕೊಳ್ಳಲಿ."

"ಯಾವ ಹಳೇ ಕೋಪ?"

"ಏನೋ ಒಂದು. ಮುದುಕರಿಗೆ ಕೋಪಕ್ಕೆ ಕಾರಣ ಬೇಕಾ?"

"ಮೇಷ್ಟ್ರೇ, ಇದು ನಕಲು ಅಂತ ನಿಮಗೆ ಗೊತ್ತಿತ್ತು."

ಮುದುಕರು ಅಗಿಯುವುದನ್ನು ನಿಲ್ಲಿಸಿದರು. ಅವರ ದನಿ ಬದಲಾಯಿತು. ಇಪ್ಪತ್ತಾರು ವರ್ಷದ ಹಿಂದೆ ಬೆಂಚಿನ ಆಚೆ ಬದಿಯಿಂದ ಕೇಳುತ್ತಿದ್ದ ದನಿ ಅದು.

"ಎಷ್ಟು ಉಂಗುರ ಬಂತು?"

"ಐದು."

"ದುಂಡಗಾ?"

"ಇಲ್ಲ. ಎಡಕ್ಕೆ ಜಗ್ಗಿವೆ."

"ಎಡಕ್ಕೆ ಯಾಕೆ ಜಗ್ಗುತ್ತೆ?"

"ಉಜ್ಜುವಾಗ ಎಡಗೈ ಭಾರ ಹೆಚ್ಚು ಬಿದ್ದರೆ. ಬಲಗೈಯವರು ಹಾಗೆ ಮಾಡಲ್ಲ. ಎಡಚರು—"

ಚಹಾದ ಬಟ್ಟಲನ್ನು ಅವಳು ಎಡಗೈಯಲ್ಲಿ ಹಿಡಿದಿದ್ದಳು.

ಬೆಳಿಗ್ಗೆಯಿಂದ ಆ ಉಂಗುರಗಳು ಎಲ್ಲೋ ನೋಡಿದ ಮುಖದ ಹಾಗೆ ಕಾಡಿದ್ದು ಸುಳ್ಳಲ್ಲ. ಅವಳು ಕಲಿಕೆಗೆ ಸೇರಿದ ಮೊದಲ ಚಳಿಗಾಲ. ಊಟದ ಬಿಡುವಿನಲ್ಲಿ, ಯಂತ್ರಗಳು ನಿಂತಾಗ, ಒಂದು ಹಾಳಾದ ಗಾಜಿನ ತುಂಡು ತೆಗೆದುಕೊಂಡು ತಾಯಿಗಾಜಿನ ನಕಲು ಮಾಡಲು ಹೊರಟಿದ್ದಳು. ನಾಲ್ಕು ತಿಂಗಳು ಉಜ್ಜಿದ್ದಳು. ಐದು ಉಂಗುರಕ್ಕಿಂತ ಕೆಳಗೆ ಇಳಿಸಲಾಗದೆ ಅತ್ತಿದ್ದಳು.

"ಇದು ನಾನು ಮಾಡಿದ್ದು," ಎಂದಳು ತೊಮೊಯೆ.

"ಹದಿನೆಂಟು ವರ್ಷದ ಹುಡುಗಿ ಐದು ಉಂಗುರಕ್ಕೆ ತಂದಿದ್ದಳು. ನನಗೆ ಕೆಲಸ ಕಲಿಯುವಾಗ ಹನ್ನೊಂದು ಬರ್ತಿತ್ತು. ನಿನಗೆ ಹೇಳಲಿಲ್ಲ, ತಲೆ ಮೇಲೆ ಕೂರ್ತೀಯ ಅಂತ." ಮುದುಕರು ಹೊದಿಕೆಯ ಅಂಚನ್ನು ಸರಿಪಡಿಸಿಕೊಂಡರು. "ಶುಕ್ರವಾರ ಹೊಸ ಮರಿ ಮಾಡೋಣ ಅಂತ ಪೆಟ್ಟಿಗೆ ತೆಗೆದೆ. ದೀಪದ ಕೆಳಗಿಟ್ಟೆ. ಉಂಗುರ ನೋಡಿದ ತಕ್ಷಣ ಗೊತ್ತಾಯ್ತು. ನಿನ್ನ ಕೈಬರಹ ಮರೆತರೂ ನಿನ್ನ ಉಂಗುರ ಮರೆಯಲ್ಲ ನಾನು."

"ಅದಕ್ಕೆ ಬಚ್ಚಿಟ್ರಿ."

"ಸಹಿ ದಿನ ಅವರ ಎಂಜಿನಿಯರುಗಳು ನೋಡ್ತಾರೆ. ನಕಲು ಅಂತ ಗೊತ್ತಾಗುತ್ತೆ. ಯಾರು ಮಾಡಿದ್ದು ಅಂತ ಕೇಳ್ತಾರೆ. ನನ್ನ ಹತ್ರ ಆ ಲೆನ್ಸಿನ ಕೆಲಸ ಕಲಿತವರು ಇಬ್ಬರೇ. ಒಬ್ಬ ತೀರಿಕೊಂಡ. ಇನ್ನೊಬ್ಬಳು ನೀನು. ನಕಲಿಗಿಂತ ಕಳವು ವಾಸಿ ಅನ್ನಿಸ್ತು. ಕಳವಾದ್ರೆ ನನ್ನ ತಲೆಗೆ ಕಟ್ಟಿಕೊಳ್ಳಬಹುದು."

"ಎಪ್ಪತ್ತರಲ್ಲಿ ಜೈಲಿಗೆ ಹೋಗ್ತಿದ್ರಾ?"

"ಅಲ್ಲೂ ಏನಾದ್ರೂ ಉಜ್ಜೋಕೆ ಕೊಡ್ತಾರಂತೆ. ನೆಲವೋ ಏನೋ."

ಅವಳಿಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಆದರೂ ಕೇಳಬೇಕಾದದ್ದನ್ನು ಕೇಳದೆ ಬಿಡಲಾಗಲಿಲ್ಲ. ವೃತ್ತಿಯೇ ಅಂಥದ್ದು.

"ಮೇಷ್ಟ್ರೇ, ಗಾಜು ಬದಲಾಯಿಸಿದ್ದು ನಾನೇ ಅಂದ್ಕೊಂಡ್ರಾ?"

ಮುದುಕರು ಕಿಟಕಿಯ ಕಡೆ ನೋಡಿದರು. ಸರೋವರದ ಮೇಲೆ ಮಧ್ಯಾಹ್ನದ ಬಿಸಿಲಿತ್ತು.

"ಒಂದು ಸಂಜೆ ಅಂದ್ಕೊಂಡೆ. ಶುಕ್ರವಾರ ಮನೆಗೆ ನಡೆದು ಬರುವಾಗ. ಸೇತುವೆ ಹತ್ರ ಬರೋಷ್ಟರಲ್ಲಿ ನಾಚಿಕೆ ಆಯ್ತು. ಅವತ್ತು ಕಿನುಯೆಗೂ ಮುಖ ತೋರಿಸದೆ ಮಲಗಿದೆ."

ತೊಮೊಯೆ ಪೆಟ್ಟಿಗೆ ಬಿಚ್ಚಿದಳು. ಆಮೇಲೆ ಗಾಜನ್ನು ಎತ್ತಿ ಅಂಚನ್ನು ತೋರಿಸಿದಳು.

"ಇಲ್ಲಿ ನನ್ನ ಹೆಸರಿನ ಮೊದಲ ಅಕ್ಷರ ಗೀಚಿದ್ದೆ. ಎರಡೇ ಗೀಟಿನ ಅಕ್ಷರ. ಈಗ ಅದಿಲ್ಲ. ಯಾರೋ ಉಜ್ಜಿ ಅಳಿಸಿದ್ದಾರೆ."

"ನೋಡಿದೆ. ಹೊಸದಾಗಿ ಉಜ್ಜಿದ್ದು. ಮೂಸಿ ನೋಡು, ಕಲ್ಲಿನ ಕೆಸರು ಇನ್ನೂ ಅಂಟಿದೆ. ನಮ್ಮ ಕಾರ್ಖಾನೆಯ ಪುಡಿ ಅಲ್ಲ ಅದು. ಅಡುಗೆಮನೆಯ ಕತ್ತಿ ಮಸೆಯೋ ಕಲ್ಲು. ಗಾಜಿನ ಕೆಲಸ ತಿಳಿಯದವನು ಹಿಂದಕ್ಕೂ ಮುಂದಕ್ಕೂ ಎಳೆದಿದ್ದಾನೆ."

"ನಕಲು ಇಟ್ಟವರಿಗೆ ನಾನು ಸಿಕ್ಕಿಬೀಳೋದು ಬೇಕಿರಲಿಲ್ಲ."

"ಹಾಗೇ ಕಾಣುತ್ತೆ."

"ನಾನು ಕೆಲಸ ಬಿಟ್ಟಾಗ ಈ ಗಾಜು ನಿಮ್ಮ ಹತ್ರಾನೇ ಇತ್ತು ಮೇಷ್ಟ್ರೇ. ಅದನ್ನ ಯಾರಿಗೆ ಕೊಟ್ರಿ?"

ಮುದುಕರು ಸೇಬಿನ ತಟ್ಟೆಯನ್ನು ಅವಳ ಕಡೆ ಸರಿಸಿದರು.

"ಮೇಷ್ಟ್ರೇ."

"ನಿನ್ನ ಮದುವೆ ದಿನ," ಎಂದರು ಅವರು ಕೊನೆಗೆ, ತಪ್ಪು ಒಪ್ಪಿಕೊಳ್ಳುವವರ ಹಾಗೆ. "ಮದುಮಗ ಕುಡಿದು ಅಳ್ತಾ ಬಂದು, ಅವಳು ಹುಡುಗಿಯಾಗಿದ್ದಾಗ ಮಾಡಿದ್ದು ಏನಾದ್ರೂ ಇದ್ರೆ ಕೊಡಿ, ಜೋಪಾನವಾಗಿ ಇಟ್ಕೋತೀನಿ ಅಂದ. ನನಗೂ ಸ್ವಲ್ಪ ಏರಿತ್ತು. ಕೊಟ್ಟೆ."

ಮೊರಿಯೊ ಮನೆಗೆ ಬಂದ ಮೊದಲ ದಿನ ಯಾವತ್ತೂ ಮಾಡುವ ಕೆಲಸ ಒಂದೇ. ಅಡುಗೆಮನೆಯ ಕತ್ತಿಗಳನ್ನೆಲ್ಲ ಸಾಲಾಗಿ ಇಟ್ಟುಕೊಂಡು ಮಸೆಯುವುದು. ನಾನಿಲ್ಲದಾಗ ನೀನು ಮೊಂಡುಕತ್ತಿಯಲ್ಲಿ ಕೈ ಕುಯ್ದುಕೊಳ್ಳಬಾರದು ಎನ್ನುತ್ತಿದ್ದ. ಕಳೆದ ವಾರ ಬುಧವಾರವೂ ಮಸೆದಿದ್ದ. ಬೆನ್ನು ನೋವಿನವನು ನೆಲದ ಮೇಲೆ ಕೂತು ಮಸೆದಿದ್ದ.

ತೊಮೊಯೆ ಎದ್ದು ಹೊರಬಾಗಿಲ ಪಕ್ಕದ ಕಪ್ಪು ಫೋನಿನ ಹತ್ತಿರ ಹೋದಳು.

*

ನಾಲ್ಕನೆಯ ಸಲ ಗಂಟೆಯಾಗುವಾಗ ಮೊರಿಯೊ ಎತ್ತಿದ.

"ನಿಶಿವಾಕಿ."

"ನಾನು ಕಣ್ರೀ."

"ಊಟ ಆಯ್ತಾ?"

"ಆಯ್ತು. ತಾಯಿಗಾಜು ಎಲ್ಲಿಟ್ಟಿದ್ದೀರಿ?"

ಅವನು ಉಸಿರಾಡುವುದು ಕೇಳಿಸುತ್ತಿತ್ತು.

"ಅಕ್ಕಿ ಡಬ್ಬಿಯಲ್ಲಿ," ಎಂದ ಮೊರಿಯೊ.

ಇಪ್ಪತ್ತು ವರ್ಷದಲ್ಲಿ ಈ ಮನುಷ್ಯ ಅವಳಿಗೆ ಒಂದು ಸುಳ್ಳನ್ನೂ ಪೂರ್ತಿ ಹೇಳಿ ಮುಗಿಸಿರಲಿಲ್ಲ. ಕೇಳಿದ ಕೂಡಲೇ ಒಪ್ಪಿಕೊಳ್ಳುತ್ತಾನೆ ಎಂಬುದೇ ಅವಳಿಗೆ ಈಗ ಹೆಚ್ಚು ನೋವು ತಂದಿತು.

"ಯಾಕ್ರೀ?"

"ಒಂದು ತಿಂಗಳ ಹಿಂದೆ ನನ್ನ ಮೇಜಿಗೆ ಒಂದು ಪಟ್ಟಿ ಬಂತು. ಜನವರಿಯಿಂದ ಯಾವ ಗಾಜು ಯಾರಿಗೆ ಕರಗಿಸಬೇಕು ಅಂತ. ಕಿರಿಗಾನೆಯ ಮುಖಚಿತ್ರದ ಲೆನ್ಸಿಗೆ ಬೇಕಾದ ಗಾಜು ಅದರಲ್ಲಿತ್ತು. ಆದ್ರೆ ಕಿರಿಗಾನೆ ಹೆಸರಿಗಲ್ಲ. ಹಾಯಾಸೆ ಕ್ಯಾಮೆರಾ ಹೆಸರಿಗೆ."

ಹಾಯಾಸೆ ಕ್ಯಾಮೆರಾ ತೋಗೊಕು ಸಮೂಹದ್ದೇ ಕಂಪನಿ. ಒಂದೇ ಮನೆಗೆ ಎರಡು ಕ್ಯಾಮೆರಾ ಯಾಕೆ ಎಂಬ ಮಾತು ಬಹಳ ದಿನದಿಂದ ಇತ್ತು. ಕೈಕುಲುಕಿದ ಮೇಲೆ ಎರಡೂ ಉಳಿಯುತ್ತವೆ ಎಂದು ಸುವಾದವರು ನಂಬಿದ್ದರು.

"ಸಹಿ ಆದ್ಮೇಲೆ ತಾಯಿಗಾಜು ಹಾಯಾಸೆಗೆ ಹೋಗುತ್ತೆ, ತೊಮೊಯೆ. ಸುವಾ ಕಾರ್ಖಾನೆಯಲ್ಲಿ ಕಾಗದದ ನಕಲು ತೆಗೆಯೋ ಯಂತ್ರದ ಬಿಡಿಭಾಗ ಮಾಡಿಸ್ತಾರೆ. ಉಜ್ಜುವವರು ಯಾರೂ ಬೇಕಾಗಲ್ಲ. ನಾನು ಇದನ್ನ ನೋಡಿಯೂ ಸುಮ್ಮನಿದ್ದು, ಶನಿವಾರ ಬಂದು ನಿನ್ನ ಎದುರು ಕೂತು ಊಟ ಮಾಡಲಾ?"

"ಅದಕ್ಕೆ ಕದ್ದುಬಿಟ್ರಾ?"

"ಕದೀಲಿಲ್ಲ. ನನಗೆ ಕೊಟ್ರು."

"ಯಾರು?"

"ನಿನ್ನನ್ನ ಈ ಕೆಲಸಕ್ಕೆ ಕರೆದವರೇ. ನಿಮ್ಮ ಕಿರಿಗಾನೆ ಯಜಮಾನರು."

ತೊಮೊಯೆ ಗೋಡೆಗೆ ಒರಗಿದಳು. ಸೋಮವಾರ ಮಧ್ಯಾಹ್ನ ಕಿರಿಗಾನೆ ಯಜಮಾನರು ತಾವೇ ಅವಳ ಪುಟ್ಟ ಕಚೇರಿಯ ಮೆಟ್ಟಿಲು ಹತ್ತಿ ಬಂದಿದ್ದರು. ಮದುವೆಗೆ ಮುಂಚೆ ನೀವು ಹುಡುಗನ ಮನೆ ವಿಚಾರಿಸ್ತೀರಲ್ಲ, ಇದೂ ಅಂಥದ್ದೇ ಅಂದ್ಕೊಳ್ಳಿ ಎಂದು ನಕ್ಕಿದ್ದರು.

"ಪಟ್ಟಿಯ ವಿಷಯ ಅವರಿಗೇ ಹೇಳಿದೆ," ಎನ್ನುತ್ತಿದ್ದ ಮೊರಿಯೊ. "ಅವರು ಒಂದು ದಿನ ಯೋಚಿಸಿದರು. ಅಸಲಿ ನೀವಿಟ್ಕೊಳ್ಳಿ, ಪೆಟ್ಟಿಗೆಯಲ್ಲಿಡೋಕೆ ಏನಾದ್ರೂ ಬೇಕು ಅಂದ್ರು. ನನ್ನ ಹತ್ರ ಇದ್ದದ್ದು ನಿನ್ನದೊಂದೇ. ನಿನ್ನ ಅಕ್ಷರ ಅಳಿಸಿ ಕೊಟ್ಟೆ. ಸಹಿ ದಿನ ಸಮೂಹದವರು ನಕಲು ಅಂತ ಕಂಡುಹಿಡೀಲಿ, ಆಗ ಆ ಪಟ್ಟಿ ಎದುರಿಗಿಟ್ಟು ಮಾತಾಡ್ತೀನಿ ಅಂದಿದ್ರು. ಅಷ್ಟರಲ್ಲಿ ಪೆಟ್ಟಿಗೇನೇ ಕಾಣೆಯಾಯ್ತು. ಯಾಕೆ ಅಂತ ನಮಗಿಬ್ರಿಗೂ ಗೊತ್ತಾ­ಗ್ಲಿಲ್ಲ."

"ಹಿರುಮಾ ಪತ್ತೆದಾರರನ್ನ ಕರೆಸಲೇಬೇಕು ಅಂದ್ರು. ಯಜಮಾನರು ನನ್ನನ್ನ ಕರೆದ್ರು."

"ಹೌದು."

"ಯಾಕೆ ನನ್ನನ್ನೇ ಅಂತ ಕೇಳಿದ್ರಾ?"

ಮೊರಿಯೊ ತಡವರಿಸಿದ. "ಕೇಳಿದೆ. ನಿಮ್ಮ ಹೆಂಡತಿ ಹುಡುಕ್ತಾ ಹುಡುಕ್ತಾ ನಿಮ್ಮ ಹತ್ರ ಬಂದು ನಿಲ್ತಾರೆ, ಅಲ್ಲಿಂದ ಮುಂದೆ ಹೋಗಲ್ಲ ಅಂದ್ರು."

ಗೋಡೆಯ ಗಡಿಯಾರದಲ್ಲಿ ಎರಡು ಗಂಟೆ ಇಪ್ಪತ್ತು ನಿಮಿಷವಾಗಿತ್ತು. ಮಾಸುಜಾವ ಬಿಸಿ ಮೇಜು ಬಿಟ್ಟೆದ್ದು ಬಾಗಿಲ ಹತ್ತಿರ ಬಂದು ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ಒಳ್ಳೇದು ಮಾಡೋಕೆ ಹೊರಟು ಮೇಷ್ಟ್ರನ್ನ ಸಿಕ್ಕಿಸಿದ್ದೀರಿ," ಎಂದಳು ತೊಮೊಯೆ. ದನಿಯಲ್ಲಿ ಕೋಪ ಇರಬೇಕಾದಷ್ಟು ಇರಲಿಲ್ಲ. "ಐದು ಗಂಟೆಗೆ ಪೊಲೀಸರು ಇಲ್ಲಿಗೆ ಬರ್ತಾರೆ. ಗಾಜು ತೆಗೀರಿ. ಟವೆಲಲ್ಲಿ ಸುತ್ತಿ. ನಾನು ಈಗಲೇ ಬರ್ತೀನಿ. ಮುಂದೇನು ಅಂತ ಕೂತು ಯೋಚಿಸೋಣ."

"ಬೈತೀಯಾ?"

"ಬಂದ್ಮೇಲೆ ಬೈತೀನಿ. ಬೆನ್ನು ಜೋಪಾನ, ನಿಧಾನಕ್ಕೆ ಬಗ್ಗಿ."

ರಿಸೀವರು ಕೆಳಗಿಟ್ಟ ಸದ್ದು. ಹೆಜ್ಜೆ. ಡಬ್ಬಿಯ ಮುಚ್ಚಳ. ಕೈಯಿಂದ ಅಕ್ಕಿ ತೋಡುವ ಸದ್ದು, ಸ್ವಲ್ಪ ಹೊತ್ತಿನ ಮೇಲೆ ಅಷ್ಟೂ ಅಕ್ಕಿಯನ್ನು ನೆಲಕ್ಕೆ ಸುರಿದ ಸದ್ದು. ಮತ್ತೆ ಹೆಜ್ಜೆ, ಈ ಸಲ ಬಿರುಸಾಗಿ.

"ತೊಮೊಯೆ, ಇಲ್ಲ."

"ಸರಿಯಾಗಿ ನೋಡಿ."

"ಪೂರ್ತಿ ಸುರಿದೆ. ಅಕ್ಕಿಯೊಳಗೆ ಒಂದು ಚೀಟಿ ಇದೆ, ಅಷ್ಟೇ."

"ಇವತ್ತು ಮನೆಗೆ ಯಾರು ಬಂದಿದ್ರು?"

"ಯಾರೂ ಇಲ್ಲ. ಬೆಳಿಗ್ಗೆ ನೀನು ಹೋದ್ಮೇಲೆ ಕಿನುಯೆ ಅಮ್ಮ ಸೊಪ್ಪು ಕೊಡೋಕೆ ಬಂದಿದ್ರು. ನನ್ನ ಅವಸ್ಥೆ ನೋಡಿ ಅವರೇ ಅಕ್ಕಿ ತೊಳೆದು ಅನ್ನಕ್ಕಿಟ್ಟು ಹೋದ್ರು."

"ಚೀಟಿ ಓದಿ."

ಕಾಗದ ಬಿಡಿಸಿದ ಸದ್ದಾಯಿತು. ಮೊರಿಯೊ ಒಂದೊಂದೇ ಪದ ಓದಿದ.

"'ಗಾಜು ನನ್ನ ಹತ್ತಿರ ಇದೆ. ಯಾರಿಗೆ ತೋರಿಸಬೇಕೋ ಅವರಿಗೆ ನಾನೇ ತೋರಿಸಿ ಬರುತ್ತೇನೆ. ತೊಮೊ, ಮೊರಿಯೊನನ್ನು ಬೈಯಬೇಡ. ಕಿನುಯೆ.'"

ತೊಮೊಯೆ ಫೋನನ್ನು ಹಾಗೇ ಬಿಟ್ಟು ಅಂಗಳಕ್ಕೆ ಓಡಿದಳು. ಕಲ್ಲುತೊಟ್ಟಿಯಲ್ಲಿ ಬಿಸಿನೀರು ತುಂಬಿ ಹರಿಯುತ್ತಿತ್ತು. ಅರ್ಧ ತೊಳೆದ ಸೊಪ್ಪು ನೀರಿನಲ್ಲಿ ತೇಲುತ್ತಿತ್ತು. ಕಿನುಯೆ ಇರಲಿಲ್ಲ.

ಒಳಕೋಣೆಯಲ್ಲಿ ಬೀರುವಿನ ಕೆಳಗಿನ ಖಾನೆ ತೆರೆದೇ ಇತ್ತು. ಮಾಸುಜಾವ ಅದರ ಮುಂದೆ ಮಂಡಿಯೂರಿ ಕೂತು, ಬಟ್ಟೆ ಸುತ್ತಿಡುವ ಕಾಗದಗಳನ್ನು ಕೈಯಿಂದ ಸವರುತ್ತಿದ್ದರು.

"ಕಪ್ಪು ಕಿಮೋನೊ ಇಲ್ಲ," ಎಂದರು. "ನಮ್ಮ ಮಗಳ ಮದುವೆಗೆ ಉಟ್ಟಿದ್ದು. ಆಮೇಲೆ ಯಾರು ಸತ್ತರೂ, ಯಾರು ಮದುವೆಯಾದರೂ ತೆಗೆದಿರಲಿಲ್ಲ."

"ಎರಡೂ ಕಾಲಿನ ಟೋಕಿಯೊ ಗಾಡಿ ಹೋಗಿಬಿಟ್ಟಿದೆ," ಎಂದಳು ತೊಮೊಯೆ. ಅದು ಐದೂವರೆಗೆ ಟೋಕಿಯೊದ ಶಿಂಜುಕು ನಿಲ್ದಾಣ ಮುಟ್ಟುತ್ತಿತ್ತು. ಆರು ಗಂಟೆಗೆ ಇಪ್ಪತ್ತೆರಡು ಜನ ಊಟಕ್ಕೆ ಕೂರುತ್ತಿದ್ದರು. "ಮೇಷ್ಟ್ರೇ, ಆ ಜನ ಮಂತ್ರಿಗಳನ್ನೇ ಬಾಗಿಲಲ್ಲಿ ಕಾಯಿಸ್ತಾರೆ. ಅಮ್ಮನನ್ನ ಒಳಗೆ ಬಿಡ್ತಾರಾ? ಅಲ್ಲಿ ಅವರಿಗೆ ಯಾರ ಪರಿಚಯ ಇದೆ?"

ಮುದುಕರು ಖಾನೆಯನ್ನು ನಿಧಾನವಾಗಿ ಒಳಕ್ಕೆ ತಳ್ಳಿದರು. ಏಳಲು ನೋಡಿದರು. ಆಗಲಿಲ್ಲ. ತೊಮೊಯೆ ಕೈ ಕೊಟ್ಟಳು. ಅವರು ಆ ಕೈಯನ್ನು ಹಿಡಿದುಕೊಂಡು ಹಾಗೇ ಕೂತರು.

"ಬಿಡ್ತಾರೆ," ಎಂದರು. "ಆ ಊಟದ ಮೇಜಿನ ತಲೆಗೆ ಕೂರೋನು, ಸಮೂಹಕ್ಕೆಲ್ಲ ದೊಡ್ಡವನು, ಅವನು ಹೇಳಿದ್ರೆ ಬಿಡ್ತಾರೆ. ನಲವತ್ತೇಳು ವರ್ಷದಿಂದ ಅವನ ಹೆಸರು ಈ ಮನೇಲಿ ಯಾರೂ ಎತ್ತಿಲ್ಲ ತೊಮೊ. ನನ್ನ ಮನೆಗೆ ಬರೋಕೆ ಮುಂಚೆ ಕಿನುಯೆ ಅವನ ಹೆಂಡತಿಯಾಗಿದ್ದಳು."